ಪಟಿಕದ ನೀರು

ಹೋದ ತಿಂಗಳು ಅಣ್ಣನ ಮಗಳು ಫೋನು ಮಾಡಿದ್ದಳು. ದಾವಣಗೆರೆಯಲ್ಲಿದ್ದಾಳೆ, ಅವಳಿಗೂ ಐವತ್ತು ದಾಟಿತು. ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಂಡಿದ್ದಳಂತೆ. 'ಸ್ವಲ್ಪ ಬದಲಾವಣೆ ಕಾಣುತ್ತಿದೆ, ಗಾಬರಿ ಪಡುವಂಥದ್ದಲ್ಲ' ಅಂದರಂತೆ. ಈಗ ಅಂಥವರಿಗೆ ಇನ್ನೊಂದು ಪರೀಕ್ಷೆ ಬಂದಿದೆ, ಎಚ್‌ಪಿವಿ ಎಂಬ ವೈರಸ್ ಇದೆಯೋ ಇಲ್ಲವೋ ಎಂದು ನೋಡುತ್ತಾರೆ. ಅದು ಇಲ್ಲದಿದ್ದರೆ ಹೆಚ್ಚು ಚಿಂತೆಯಿಲ್ಲ, ಇದ್ದರೆ ಮುಂದಿನದನ್ನು ನೋಡುತ್ತಾರೆ. ಬರುವ ಸೋಮವಾರ ಅದಕ್ಕೆ ಹೋಗಬೇಕು ಅಂದಳು.

"ಅತ್ತೆ, ಅವ್ವಂಗೂ ಮೊದಲು ಹಿಂಗೇ 'ಸ್ವಲ್ಪ' ಅಂತ ಬಂದಿತ್ತಲ್ಲ? ಮನೇಲಿ ಯಾರಿಗಾದ್ರೂ ಇತ್ತೇನು ಅಂತ ಡಾಕ್ಟ್ರು ಕೇಳಿದ್ರು. ಅವಾಗ ಏನೇನಾತು ಅಂತ ನಿನಗೇ ಗೊತ್ತಿರೋದು."

"ನೆಟ್‌ವರ್ಕು ಸರಿ ಇಲ್ಲವ್ವ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಟ್ಟೆ. ನೆಟ್‌ವರ್ಕು ಚೆನ್ನಾಗಿಯೇ ಇತ್ತು. ಅವಳು ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ನಾನು ಸರ್ಕಾರಿ ಕೆಲಸದಲ್ಲಿ ನರ್ಸಮ್ಮನಾಗಿ ಹಳ್ಳಿ ಹಳ್ಳಿ ತಿರುಗಿದವಳು. ಹೆರಿಗೆ, ಚುಚ್ಚುಮದ್ದು, ಕುಟುಂಬ ಯೋಜನೆ ನನ್ನ ಕೆಲಸ. ಬಾಯಿ ಜೋರು ಅಂತ ಎಲ್ಲ ಕಡೆ ಹೆಸರಿತ್ತು. ಬಾಣಂತಿಗೆ ನೀರು ಕುಡಿಯಲು ಕೊಡದ ಅತ್ತೆಯರನ್ನು ಅವರ ಹಟ್ಟಿಯಲ್ಲೇ ನಿಂತು ಬೈದು ಬರುತ್ತಿದ್ದೆ. ಅಂಥ ಬಾಯಿ ಒಂದೇ ಒಂದು ವಿಷಯದಲ್ಲಿ ನಲವತ್ತು ವರ್ಷ ಮುಚ್ಚಿಕೊಂಡಿತ್ತು.

ನನ್ನನ್ನು ನರ್ಸಮ್ಮ ಮಾಡಿದ್ದು ನನ್ನ ಅತ್ತಿಗೆ. ಹದಿನೆಂಟಕ್ಕೆ ನನ್ನನ್ನು ನ್ಯಾಮತಿಗೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡ ಜ್ವರ ಬಂದು ತೀರಿಕೊಂಡರು. ಒಂದು ಟ್ರಂಕು ಹಿಡಿದುಕೊಂಡು ಚನ್ನಗಿರಿಗೆ, ಅಣ್ಣನ ಮನೆಗೆ ವಾಪಸು ಬಂದೆ. ಅಣ್ಣನಿಗೆ ಪಾತ್ರೆ ಅಂಗಡಿ ಇತ್ತು. ಅತ್ತಿಗೆ ಹೊನ್ನಾಳಿಯವಳು, ಹೊಳೆಯಲ್ಲಿ ಈಜಿ ಬೆಳೆದವಳು, ನನಗಿಂತ ಆರು ವರ್ಷ ದೊಡ್ಡವಳು. ಬಹುವಚನ ಹಚ್ಚಿದರೆ "ನಾನೇನು ನಿನ್ನ ಅತ್ತೆಯೇನೆ?" ಅಂತ ರೇಗುತ್ತಿದ್ದಳು. ಹಾಗಾಗಿ ನಮ್ಮದು ಏಕವಚನವೇ.

ಬಂದ ಮೂರನೇ ತಿಂಗಳಿಗೆ ಅವಳು ನನ್ನ ಮುಂದಿನ ಅಕ್ಕಿಯ ಮೊರ ಎಳೆದುಕೊಂಡಳು.

"ಇಪ್ಪತ್ತಾಗಿಲ್ಲ ಇನ್ನೂ. ಸಾಯೋತನಕ ಮೂಲೇಲಿ ಕೂತು ಕಲ್ಲು ಆರಿಸ್ತೀಯೇನು? ಶಿವಮೊಗ್ಗದಾಗೆ ನರ್ಸಿಂಗ್ ಕಲಿಸ್ತಾರಂತೆ, ಹೋಗು."

ಅಣ್ಣ, ಮಂದಿ ಏನಂತಾರೋ ಎಂದು ತೊದಲಿದ.

"ಮಂದಿ ಬಂದು ಇವಳಿಗೆ ಅನ್ನ ಹಾಕ್ತಾರೇನ್ರಿ? ನೀವು ಸುಮ್ನೆ ಅರ್ಜಿಗೆ ರುಜು ಮಾಡ್ರಿ" ಅಂದಳು ಅತ್ತಿಗೆ. ಅವನು ಮಾಡಿದ. ನನ್ನ ಬದುಕಿನ ಎಲ್ಲವೂ ಆ ರುಜುವಿನಿಂದ ಬಂದದ್ದು, ಇವತ್ತು ಬರುವ ಪಿಂಚಣಿಯವರೆಗೂ.

ಮೊದಲು ಕೆಲಸಕ್ಕೆ ಹಾಕಿದ್ದು ಜಗಳೂರು ಕಡೆಗೆ. ಅಲ್ಲಿ ಎರಡು ಕೊಡ ನೀರಿಗೆ ಹೆಂಗಸರು ಬೆಳಿಗ್ಗೆಯಿಂದ ಬಾವಿಯ ಹತ್ತಿರ ಕಾಯಬೇಕಿತ್ತು. ತಲೆಗೆ ನೀರು ಹಾಕಿಕೊಳ್ಳುವುದೆಂದರೆ ವಾರಕ್ಕೊಂದು ದಿನದ ದೊಡ್ಡ ಕೆಲಸ. ಸ್ವಚ್ಛವಾಗಿರಿ ಎಂದು ಅಲ್ಲಿ ಯಾರಿಗೂ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಹೇಳಿದರೆ "ನೀರು ನೀವು ತರ್ತೀರೇನ್ರಿ ನರ್ಸಮ್ಮ?" ಅನ್ನುತ್ತಿದ್ದರು. ಆಮೇಲೆ ಚನ್ನಗಿರಿ ಕಡೆಗೆ ವರ್ಗವಾಯಿತು, ಅಣ್ಣನ ಮನೆಯಿಂದಲೇ ಓಡಾಡತೊಡಗಿದೆ. ನಲ್ಲೂರು, ಕೆರೆಬಿಳಚಿ ಸುತ್ತಿನ ಹಳ್ಳಿಗಳು. ಕೆರೆ ಇತ್ತು, ನಾಲೆ ಇತ್ತು, ನೀರಿಗೆ ಬರವಿರಲಿಲ್ಲ. ನಾನು ಜಗಳೂರಿನಲ್ಲೇ ಉಳಿದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಚನ್ನಗಿರಿಯಲ್ಲಿ ಹೆಂಗಸರಿಗಾಗಿ ಒಂದು ಕ್ಯಾಂಪು ಮಾಡುತ್ತೇವೆ, ಹೊರಗಿನಿಂದ ಲೇಡಿ ಡಾಕ್ಟರು ಬರುತ್ತಾರೆ, ಗರ್ಭಕೋಶದ ಬಾಯಿಯಿಂದ ಕಡ್ಡಿಯಲ್ಲಿ ಸವರಿ ಗಾಜಿನ ಪಟ್ಟಿಗೆ ಹಚ್ಚಿ ಕಳಿಸುತ್ತಾರೆ, ಕ್ಯಾನ್ಸರು ಬರುವ ಮೊದಲೇ ಗೊತ್ತಾಗುತ್ತದೆ ಎಂದರು. ಹೆಂಗಸರನ್ನು ಕರೆತರುವುದು ನನ್ನ ಪಾಲಿಗೆ ಬಂತು. ನಾನು ಹತ್ತು ದಿನ ಮನೆಮನೆ ತಿರುಗಿದೆ. ಹೂಂ ಅಂದವರೆಲ್ಲ ಆ ದಿನ ಬೆಳಿಗ್ಗೆ ಕ್ಯಾಂಪು ಇದ್ದ ಸಾಲೆಯ ಕಾಂಪೌಂಡಿನ ಹೊರಗೆ ಗುಂಪಾಗಿ ನಿಂತರು, ಒಬ್ಬರೂ ಒಳಗೆ ಬರಲಿಲ್ಲ. ಜೀಪಿನಲ್ಲಿ ಬಂದವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನನ್ನ ಮುಖ ಸಣ್ಣಗಾಯಿತು.

ಅಷ್ಟರಲ್ಲಿ ಅತ್ತಿಗೆ ಬಂದಳು. ಅವಳಿಗೆ ನಾನು ಹೇಳಿರಲೇ ಇಲ್ಲ. ನನ್ನ ಮುಖ ನೋಡಿದಳು, ಗುಂಪನ್ನು ನೋಡಿದಳು.

"ಏನ್ರವ್ವ, ಒಳಗೇನು ಹುಲಿ ಐತೇನು? ಎಂಟೆಂಟು ಹೆತ್ತೋರು ಒಂದು ಕಡ್ಡಿಗೆ ಹೆದರ್ತೀರಲ್ರೇ! ಸರೀರಿ ಅತ್ಲಾಗೆ. ನಮ್ಮ ನರ್ಸಮ್ಮನ ಮಾನ ಉಳಿಸಾಕೆ ನಾನೇ ಮೊದಲು ಮಲಗ್ತೀನಿ."

ಹೋಗಿ ಮಲಗಿಯೇಬಿಟ್ಟಳು. ಎರಡು ನಿಮಿಷಕ್ಕೆ ಎದ್ದು ಬಂದು ಸೀರೆ ಕೊಡವಿಕೊಂಡು "ಇಷ್ಟೇಯಾ? ಇದಕ್ಕಿಂತ ಬಳೆಗಾರನ ಕಡೆ ಬಳೆ ಇಡಿಸ್ಕೊಳ್ಳೋದೇ ಕಷ್ಟ" ಅಂದಳು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಂದರು. ಅಡಿಕೆ ಸುಲಿಯುತ್ತಿದ್ದವರು ಕೈಯ ಕಪ್ಪು ಕಲೆ ಹಾಗೇ ಇಟ್ಟುಕೊಂಡು ಬಂದರು, ಬೀಡಿ ಕಟ್ಟುವ ಸಾಬರ ಮನೆಯ ಹೆಂಗಸರು ಬುರ್ಖಾದಲ್ಲಿ ಬಂದರು. ಸಂಜೆಯೊಳಗೆ ಅರವತ್ತು ಮಂದಿಯಾಯಿತು.

ಗಾಜಿನ ಪಟ್ಟಿಗಳನ್ನು ಸ್ಪಿರಿಟ್ ಜಾಡಿಗೆ ಹಾಕುತ್ತಿದ್ದ ಸಹಾಯಕಿಯೊಬ್ಬಳು ಇದ್ದಳು. ಹೊರಡುವಾಗ ಮೂಗಿಗೆ ಸೆರಗು ಹಿಡಿದುಕೊಂಡೇ ನನಗೆ ಹೇಳಿದಳು: "ಕೆರೆ ತುಂಬ ನೀರಿದೆ, ನಿಮ್ಮ ಊರಿನ ಹೆಂಗಸರು ತೊಳೆದುಕೊಳ್ಳುವುದೇ ಇಲ್ಲವೇನ್ರೀ? ಏನು ವಾಸನೆ!"

ನನಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಹೊಲ, ಮನೆ, ಸುಲಿಯುವ ಕೆಲಸ ಬಿಟ್ಟು ಓಡಿಬಂದವರು ಅವರು. ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮವರ ಮೇಲೆಯೇ ಸಿಟ್ಟು ಬಂತು.

ಒಂದೂವರೆ ತಿಂಗಳ ಮೇಲೆ ಟಪಾಲಿನಲ್ಲಿ ಫಲಿತಾಂಶದ ಪಟ್ಟಿ ಬಂತು. ಎಂಟು ಹೆಸರುಗಳ ಮುಂದೆ 'ಮೈಲ್ಡ್' ಎಂದಿತ್ತು. ಸಣ್ಣ ಬದಲಾವಣೆ, ಆರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಬೇಕು. ಎಂಟರಲ್ಲಿ ಒಂದು ಅತ್ತಿಗೆಯ ಹೆಸರು.

ಅವಳು ಆಗ ರೊಟ್ಟಿ ಬಡಿಯುತ್ತಿದ್ದಳು.

"ಸ್ವಲ್ಪ ಏನೋ ಐತಂತೆ" ಅಂದೆ.

"ಸ್ವಲ್ಪ ಅಂದ್ರೆ ಎಷ್ಟು? ಸಾರಿಗೆ ಉಪ್ಪು ಸ್ವಲ್ಪ ಅಂತಾರಲ್ಲ, ಅಷ್ಟಾ?"

"ಅಷ್ಟೇ."

"ಅಷ್ಟಾದ್ರೆ ಇರ್ಲಿ ಬಿಡು." ರೊಟ್ಟಿ ತಿರುವಿದಳು. ಸ್ವಲ್ಪ ಹೊತ್ತಾದ ಮೇಲೆ ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಜೀವಕ್ಕೇನೂ ಇಲ್ಲಲ್ಲ? ಹುಡುಗಿಗಿನ್ನೂ ಹತ್ತು ವರ್ಷ."

ಇಲ್ಲ ಅಂದೆ. ಆಗ ಅದು ಸುಳ್ಳಾಗಿರಲಿಲ್ಲ. ಆ ಸ್ವಲ್ಪ ಎಂಬುದು ಬಹಳ ಜನರಲ್ಲಿ ತಾನೇ ಬಂದು ತಾನೇ ಹೋಗುತ್ತದೆ. ಹೋಗುವುದು ಯಾರಿಗೆ, ಉಳಿಯುವುದು ಯಾರಿಗೆ ಎಂದು ಆ ಕಾಲದಲ್ಲಿ ಮೊದಲೇ ಹೇಳುವ ದಾರಿ ಇರಲಿಲ್ಲ. ಕಾಯುವುದು, ಮತ್ತೆ ನೋಡುವುದು, ಅಷ್ಟೇ.

ಆರು ತಿಂಗಳಿಗೆ ಅದೇ ಡಾಕ್ಟರು ಮತ್ತೆ ಬರುತ್ತಾರೆ ಎಂದು ಕಾಗದ ಬಂತು. ನನಗೆ ಸಹಾಯಕಿಯ ಮೂಗಿನ ಮೇಲಿನ ಸೆರಗೇ ಕಣ್ಣಮುಂದೆ. ಎಂಟೂ ಜನರ ಮನೆಗೆ ಹೋದೆ. ಈ ಸಲ ಹೊಲಸಾಗಿ ಬಂದರೆ ನನ್ನ ಕಣ್ಣಿಗೆ ಬೀಳಬೇಡಿ ಅಂದೆ.

"ಮ್ಯಾಲೆ ಅಷ್ಟೇ ಅಲ್ಲ, ಒಳಗೂ ತೊಳ್ಕೊಂಡು ಬರ್ರಿ. ಮೂರು ದಿನ ಮೊದಲಿಂದ. ಊರಿನ ಮರ್ಯಾದೆ ಐತೆ."

ಹೇಗೆ ಎಂದು ಕೇಳಿದರು. ಬಿಳಿ ಹೋಗುತ್ತಿದ್ದರೆ ಪಟಿಕದ ನೀರಿನಲ್ಲಿ ತೊಳೆದುಕೊಳ್ಳುವುದು ನಮ್ಮ ಕಡೆ ಮೊದಲಿಂದಲೂ ಇತ್ತು. ಪಟಿಕ ಎಲ್ಲ ಮನೆಯಲ್ಲೂ ಇರುತ್ತಿತ್ತು. ನಾಲೆಯ ಕೆಂಪು ನೀರು ತಿಳಿಯಾಗಲು ಕೊಡದಲ್ಲಿ ಆಡಿಸುತ್ತಿದ್ದರು, ದೃಷ್ಟಿಯಾಗದಿರಲೆಂದು ಬಾಗಿಲಿಗೆ ಕಟ್ಟುತ್ತಿದ್ದರು, ಗಂಡಸರು ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದರು. ನಾನು ಅದಕ್ಕೆ ನನ್ನ ವಿದ್ಯೆಯನ್ನೂ ಸೇರಿಸಿದೆ. ನನ್ನ ಆರೋಗ್ಯ ಉಪಕೇಂದ್ರದಲ್ಲಿ ಎನಿಮಾ ಕೊಡುವ ಬಿಳಿ ಡಬ್ಬಿ ಇತ್ತು, ಅದಕ್ಕೆ ಕೆಂಪು ರಬ್ಬರ್ ಟ್ಯೂಬು. ಪಟಿಕ ಕರಗಿಸಿದ ಬೆಚ್ಚನೆಯ ನೀರು ತುಂಬಿ, ಮೊಳೆಗೆ ನೇತುಹಾಕಿ, ಟ್ಯೂಬಿನಿಂದ ಒಳಗೆ ಹೇಗೆ ಬಿಟ್ಟುಕೊಳ್ಳಬೇಕು ಎಂದು ತೋರಿಸಿಕೊಟ್ಟೆ. ಹತ್ತಿರದವರು ಸರತಿಯ ಮೇಲೆ ಒಯ್ದರು, ದೂರದವರು ಬಟ್ಟೆ ಸುತ್ತಿದ ಬೆರಳಲ್ಲಿ ತೊಳೆದುಕೊಂಡರು.

ಪಟಿಕ ಸಾಲದೆ ಅತ್ತಿಗೆ ಅಣ್ಣನ ಗಟ್ಟಿಯನ್ನೇ ಎತ್ತಿಕೊಂಡಿದ್ದಳು. ಅಣ್ಣ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಹಿತ್ತಲಲ್ಲಿ "ನನ್ನ ಪಟಿಕ ಎಲ್ಲೈತೆ?" ಎಂದು ಕೂಗುತ್ತಿದ್ದ. ಬಚ್ಚಲಿಂದ ಅತ್ತಿಗೆ "ದೇವರ ಕೆಲಸಕ್ಕೆ ಹೋಗೈತೆ, ಸುಮ್ಕಿರ್ರಿ" ಅಂದಳು. ನಾನು ಬಾಗಿಲಾಚೆ ನಿಂತು ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡಿದ್ದೆ. ಆ ಬೆಳಿಗ್ಗೆಯ ನಗು ನನಗೆ ಈಗಲೂ ನೆನಪಿದೆ.

ಎಂಟೂ ಜನ ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು, ಹೂವು ಮುಡಿದು ಬಂದರು. ಸಹಾಯಕಿ ಈ ಸಲ ಮೂಗು ಮುಚ್ಚಲಿಲ್ಲ. ಡಾಕ್ಟರಮ್ಮ ಒಬ್ಬೊಬ್ಬರನ್ನೂ ಕೇಳಿದರು: "ಒಳಗೆ ಔಷಧಿ ಏನಾದರೂ ಹಾಕಿಕೊಂಡಿದ್ದೀರೇನಮ್ಮಾ?" ಎಲ್ಲರೂ ಇಲ್ಲ ಅಂದರು. ಪಟಿಕ ಔಷಧಿ ಎಂದು ಅವರಿಗೆ ಅನ್ನಿಸಲಿಲ್ಲ, ಅದು ಮನೆಯ ಸಾಮಾನು. ಪಕ್ಕದಲ್ಲಿ ನಿಂತಿದ್ದ ನನಗೂ ಅನ್ನಿಸಲಿಲ್ಲ.

ಫಲಿತಾಂಶ ಬಂತು. ಎಂಟಕ್ಕೆ ಎಂಟೂ ಸರಿಯಾಗಿವೆ.

ಆ ದಿನ ಅತ್ತಿಗೆ ಹೋಳಿಗೆ ಮಾಡಿದಳು. ಓಣಿಯಲ್ಲೆಲ್ಲ ಸುದ್ದಿಯಾಯಿತು. ಸುದ್ದಿ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅತ್ತಿಗೆಯೂ ಉಳಿದವರೂ ಕೂಡಿಸಿ ನೋಡಿದರು. ಮೊದಲು ಇತ್ತು, ತೊಳೆದರು, ಹೋಯಿತು. "ನಮ್ಮ ನರ್ಸಮ್ಮನ ಪಟಿಕದ ನೀರಿಗೆ ಹೋತು ನೋಡ್ರಿ. ಸೂಜಿ ಇಲ್ಲ, ಗುಳಿಗೆ ಇಲ್ಲ" ಎಂದು ಅತ್ತಿಗೆ ಬಾವಿಕಟ್ಟೆಯಲ್ಲಿ ಹೇಳಿದಳು. ಆಮೇಲೆ ನನ್ನ ಡಬ್ಬಿಗೆ ಬಿಡುವೇ ಇಲ್ಲ. ಸೊಂಟ ನೋವಿನವರು, ಬಿಳಿ ಹೋಗುವವರು, ಮಕ್ಕಳಾಗದವರು ಎಲ್ಲರೂ ಒಯ್ದರು. ನಾನು ಹಿಗ್ಗಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹಿಗ್ಗಿದೆ.

ಎರಡು ವರ್ಷವಾದ ಮೇಲೆ ಶಿವಮೊಗ್ಗದಲ್ಲಿ ನಮಗೊಂದು ತರಬೇತಿ ಇಟ್ಟರು. ಮೂರನೇ ದಿನ ವಯಸ್ಸಾದ ಶಿಕ್ಷಕಿಯೊಬ್ಬರು ಇದೇ ಪರೀಕ್ಷೆಯ ಪಾಠ ಮಾಡಿದರು. ಕಪ್ಪು ಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದು, ಕೆಳಗಿನ ಬಾಯಿಯನ್ನು ಸೀಮೆಸುಣ್ಣದಿಂದ ತೋರಿಸುತ್ತ ಹೇಳಿದರು: "ಪರೀಕ್ಷೆಗೆ ಎರಡು ದಿನ ಮೊದಲಿಂದ ಒಳಗೆ ತೊಳೆಯಬಾರದು ಎಂದು ಹೆಂಗಸರಿಗೆ ತಿಳಿಸಿ ಹೇಳಿ. ನಾವು ನೋಡಬೇಕಾದ ಕಣಗಳೇ ತೊಳೆದು ಹೋಗುತ್ತವೆ. ಇದ್ದರೂ ಇಲ್ಲ ಎಂದು ಬರಬಹುದು."

ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. 'ಎರಡು ದಿನ ತೊಳೆಯಬಾರದು.' ಅಕ್ಷರ ದುಂಡಗೆ, ಸಾಲು ನೇರವಾಗಿತ್ತು. ಅದರ ಕೆಳಗೆ ಅವರು ಹೇಳಿದ ಮುಂದಿನ ಮಾತನ್ನೂ ಬರೆದೆ. ಮಧ್ಯಾಹ್ನ ಊಟಕ್ಕೆ ಬದನೆಕಾಯಿ ಪಲ್ಯ ಇತ್ತು, ಎರಡು ಸಲ ಹಾಕಿಸಿಕೊಂಡೆ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ನನ್ನ ಇಡೀ ಮೈ ಹಾಗಿತ್ತು. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮನೆಗೆ ಬಂದಾಗ ಅತ್ತಿಗೆ ಕೈಗೆ ಕಾಫಿ ಕೊಟ್ಟು ಎದುರಿಗೆ ಕೂತಳು.

"ಏನು ಕಲ್ತು ಬಂದ್ರಿ ನರ್ಸಮ್ಮಾರೇ?"

"ಎಲ್ಲ ಹಳೇದೇ."

"ಹಳೇದು ಕಲಿಯಾಕೆ ಐದು ದಿನ ಬೇಕೇನು?"

ಆಗ ಹೇಳಬಹುದಿತ್ತು. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಆರು ಮಾತು ಸಾಕಿತ್ತು: ತಪ್ಪು ನನ್ನದು, ಪರೀಕ್ಷೆ ಸುಳ್ಳಾಗಿರಬಹುದು, ಮತ್ತೆ ಮಾಡಿಸೋಣ. ಆದರೆ ಅವಳು ನನ್ನ ಕೈಗುಣ ಹೊಗಳಿ ಊರಿಗೆಲ್ಲ ಹೇಳಿಕೊಂಡು ಬಂದವಳು. ಅವಳ ಮುಖ ಹೇಗಾಗಬಹುದು ಎಂದು ಯೋಚಿಸಿದೆ. ನನ್ನ ಮುಖ ಹೇಗಾಗಬಹುದು ಎಂದೂ ಯೋಚಿಸಿದೆ. ಎರಡನೆಯದೇ ಹೆಚ್ಚು ಯೋಚಿಸಿದೆ.

"ಇನ್ನೊಂದು ಸಲ ಆ ಪರೀಕ್ಷೆ ಮಾಡ್ಸೋಣ ಅತ್ತಿಗೆ. ಶಿವಮೊಗ್ಗಕ್ಕೆ ಹೋಗಿ ಬರೋಣ" ಅಂದೆ.

"ಯಾಕೆ?"

"ಸುಮ್ನೆ. ಮಾಡಿಸ್ಕೊಂಡ್ರೆ ಒಳ್ಳೇದು."

"ಚೊಕ್ಕ ಐತೆ ಅಂತ ಬರ್ದು ಕಳ್ಸ್ಯಾರಲ್ಲ. ಸುಮ್ ಸುಮ್ನೆ ಹೋಗಿ ಮತ್ತೆ ಕಾಲೆತ್ತು ಅಂತೀಯಲ್ಲೇ, ನಿನಗೆ ಮಾಡಾಕೆ ಬ್ಯಾರೆ ಕೆಲಸ ಇಲ್ಲೇನು?"

ಕಾರಣ ಹೇಳಿದ್ದರೆ ಅವಳು ಮರುದಿನವೇ ಬಸ್ಸು ಹತ್ತುತ್ತಿದ್ದಳು. ನಾನು ಬಲ್ಲೆ. ಬೇಡ ಅಂದಳು, ಅಷ್ಟಕ್ಕೇ ನಾನು ಸುಮ್ಮನಾದೆ. ಆ ಬೇಡ ನನಗೆ ಬೇಕಾಗಿತ್ತು ಅನ್ನಿಸುತ್ತದೆ.

ಉಳಿದ ಏಳು ಜನರಿಗೂ ಇದನ್ನೇ ಸುತ್ತಿಬಳಸಿ ಹೇಳಿದೆ. ಮೂವರು ಹೋಗಿ ಮಾಡಿಸಿಕೊಂಡು ಬಂದರು, ಅವರಿಗೇನೂ ಇರಲಿಲ್ಲ. ನಾಲ್ವರು ಹೋಗಲಿಲ್ಲ, ಅವರಿಗೂ ಏನೂ ಆಗಲಿಲ್ಲ. ಎಂಟರಲ್ಲಿ ಏಳು ಮಂದಿಗೆ ಅದು ತಾನಾಗಿಯೇ ಹೋಗಿರಬೇಕು. ಡಬ್ಬಿಯನ್ನು ವಾಪಸು ತರಿಸಿಕೊಂಡೆ, ಕೇಳಿದವರಿಗೆಲ್ಲ ಟ್ಯೂಬು ಒಡೆದಿದೆ ಅಂದೆ. ಟ್ಯೂಬು ಒಡೆದಿರಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆದರೆ ಪಟಿಕಕ್ಕೆ ಬೀಗ ಹಾಕಲು ಆಗುತ್ತದೆಯೇ? ಅದು ಪ್ರತಿ ಮನೆಯ ಗೂಡಿನಲ್ಲೂ ಇತ್ತು.

ನಾಲ್ಕು ವರ್ಷ ಏನೂ ಇಲ್ಲದೆ ಕಳೆಯಿತು. ನಾನು ಮರೆತೆ ಎಂದಲ್ಲ. ದಿನಾ ಬೆಳಿಗ್ಗೆ ಅತ್ತಿಗೆ ಅಂಗಳಕ್ಕೆ ನೀರು ಹಾಕುವುದನ್ನು ನೋಡುತ್ತಿದ್ದೆ, ಗಟ್ಟಿಮುಟ್ಟಾಗಿದ್ದಾಳೆ ಅಂದುಕೊಳ್ಳುತ್ತಿದ್ದೆ, ಬಸ್ಸಿಗೆ ಹೋಗುತ್ತಿದ್ದೆ.

ಒಂದು ದಿನ ಒಗೆಯುವ ಕಲ್ಲಿನ ಮೇಲೆ ಅವಳ ಒಳಲಂಗ ಕಂಡಿತು. ಕಲೆ ಹಳೆಯದು, ಕಲೆಯ ಮೇಲೆ ಕಲೆ.

"ಎಷ್ಟು ದಿನದಿಂದ ಇದು?"

"ಮುಟ್ಟು ನಿಲ್ಲೋ ಕಾಲ ಬಂತಲ್ಲ, ಹಿಂದೆ ಮುಂದೆ ಆಗ್ತೈತೆ."

"ಎಷ್ಟು ದಿನದಿಂದ ಅಂತ ಕೇಳಿದೆ."

"ಏಳೆಂಟು ತಿಂಗಳಾತು. ಯಾಕೆ ಹಂಗೆ ಕಣ್ಣು ಬಿಡ್ತೀಯೇ? ಹೆಚ್ಚಾದಾಗೆಲ್ಲ ಪಟಿಕದ ನೀರಾಗೆ ತೊಳ್ಕೋತೀನಿ, ನಿಲ್ತೈತೆ. ನಿಮ್ಮಣ್ಣಂಗೆ ಬ್ಲೇಡು ತಾಗಿದಾಗ ಉಜ್ಜಿದ್ರೆ ರಕ್ತ ನಿಲ್ಲಲ್ವೇನು? ಹಂಗೇ."

ನಿಲ್ಲುತ್ತಿತ್ತು ನಿಜ. ನಿಂತಿದ್ದರಿಂದಲೇ ಎಂಟು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ನಾನು ಅವಳ ಜೊತೆ ಒಂದೇ ಸೂರಿನಡಿ ಉಣ್ಣುತ್ತಿದ್ದೆ, ದಿನಾ ಊರಿನ ಹೆಂಗಸರಿಗೆಲ್ಲ ಹೀಗಾಗುತ್ತದೆಯಾ ಹಾಗಾಗುತ್ತದೆಯಾ ಎಂದು ಕೇಳುತ್ತಿದ್ದೆ, ಅವಳನ್ನು ಕೇಳಿರಲಿಲ್ಲ. ಕೇಳಲು ಹೆದರಿಕೆಯಿತ್ತು. ಬೇರೆ ಏನು ಹೇಳಲಿ.

ಶಿವಮೊಗ್ಗದಲ್ಲಿ ನೋಡಿದವರು ಬೆಂಗಳೂರಿಗೆ ಬರೆದುಕೊಟ್ಟರು. ಬೆಂಗಳೂರಿನಲ್ಲಿ ಕರೆಂಟು ಕೊಟ್ಟರು, ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು. ಆರು ವಾರ ನಾನು ರಜೆ ಹಾಕಿ ಜೊತೆಗಿದ್ದೆ. ಬಂದಮೇಲೆ ಒಂದು ವರ್ಷ ಓಡಾಡಿಕೊಂಡಿದ್ದಳು. ಅದು ಮತ್ತೆ ಬಂತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದರು.

ಕೊನೆಯ ತಿಂಗಳುಗಳಲ್ಲಿ ವಾಸನೆ ಬರುತ್ತಿತ್ತು. ಊದುಬತ್ತಿ ಹಚ್ಚಿದರೂ ಲೋಬಾನದ ಹೊಗೆ ಹಾಕಿದರೂ ಬರುತ್ತಿತ್ತು. ನೋಡಲು ಬಂದವರು ಬಾಗಿಲಲ್ಲೇ ಮಾತಾಡಿಸಿ ಹೋಗುತ್ತಿದ್ದರು. ಅವಳಿಗೆ ನೋವಿಗಿಂತ ಅದೇ ದೊಡ್ಡದಾಗಿತ್ತು. ಒಂದು ಮಧ್ಯಾಹ್ನ ಡಾಕ್ಟರು ಮನೆಗೆ ಬರುವವರಿದ್ದರು. ಅತ್ತಿಗೆ ನನ್ನ ಕೈ ಹಿಡಿದಳು.

"ಆ ಡಬ್ಬಿ ತಗೊಂಬಾರೆ. ಪಟಿಕದ ನೀರಾಗೆ ಒಂದ್ಸಲ ತೊಳಿ. ಅವ್ರು ಬಂದಾಗ ವಾಸನೆ ಬರಬಾರದು."

ಉಪಕೇಂದ್ರಕ್ಕೆ ಹೋಗಿ ಬೀರು ತೆಗೆದೆ. ಟ್ಯೂಬು ಗಟ್ಟಿಯಾಗಿತ್ತು, ಬಿಸಿನೀರಿನಲ್ಲಿ ನೆನೆಸಿದ ಮೇಲೆ ಮೆತ್ತಗಾಯಿತು. ಪಟಿಕ ಕರಗಿಸಿದೆ, ಮೊಣಕೈ ಅದ್ದಿ ಬಿಸಿ ನೋಡಿದೆ. ಕೋಣೆಯಲ್ಲಿ ಅವಳ ಮಗಳು ಬೇಸಿನ್ನು ಹಿಡಿದು ನಿಂತಿದ್ದಳು, ಆಗ ಹತ್ತೊಂಬತ್ತು ವರ್ಷ. ಮೆಲ್ಲಗೆ ತೊಳೆದೆ. ಇನ್ನು ಕೆಡುವುದೇನೂ ಉಳಿದಿರಲಿಲ್ಲ. ಅವಳಿಗೆ ಹಿತವಾಯಿತು, ಕಣ್ಣು ಮುಚ್ಚಿಕೊಂಡಳು.

"ನಿನ್ನ ಕೈಗುಣನೇ ಕೈಗುಣ. ಅವತ್ತು ನೀನು ಇದನ್ನ ಹೇಳಿಕೊಟ್ಟಿದ್ದಕ್ಕೆ ಇಷ್ಟು ವರ್ಷ ಉಳಿದೆ. ಇಲ್ಲಾಂದ್ರೆ ಹುಡುಗಿ ಸಣ್ಣೋಳಿದ್ದಾಗಲೇ ಹೋಗಿರ್ತಿದ್ದೆ." ಮಗಳ ಕಡೆ ತಿರುಗಿದಳು. "ನೋಡಿಟ್ಕೋ. ನಿನಗೂ ಮುಂದೆ ಏನಾರ ಆದ್ರೆ ಅತ್ತೆ ತೋರಿಸ್ದಂಗೆ ಮಾಡು."

ನನ್ನ ಕೈಯಲ್ಲಿ ಟ್ಯೂಬು ಇತ್ತು. ನೀರು ಇನ್ನೂ ಅರ್ಧ ಡಬ್ಬಿ ಇತ್ತು. ನಾನು "ಹೂಂ" ಅಂದೆ.

ಹದಿನಾಲ್ಕು ದಿನಕ್ಕೆ ಹೋದಳು. ಅಣ್ಣ ಅತ್ತ, ಮಗಳು ಅತ್ತಳು, ಓಣಿ ಅತ್ತಿತು. ನನಗೆ ಅಳು ಬರಲಿಲ್ಲ. ಬಂದವರಿಗೆ ಕಾಫಿ ಕಾಯಿಸಿದೆ. ನರ್ಸಮ್ಮನದು ಗಟ್ಟಿ ಜೀವ ಅಂದರು.

ತೊಳೆದಿದ್ದರಿಂದಲೇ ಆ ಎರಡನೆಯ ಪರೀಕ್ಷೆ ಹಾಗೆ ಬಂತೆಂದು ಯಾರೂ ಖಚಿತವಾಗಿ ಹೇಳಲಾರರು. ತೊಳೆಯದಿದ್ದರೂ ಹಾಗೇ ಬರಬಹುದಿತ್ತು. ನಂತರದ ವರ್ಷಗಳಲ್ಲಿ ಒಬ್ಬ ಡಾಕ್ಟರಿಗೆ ಬೇರೆ ಯಾರದೋ ಕಥೆ ಎಂಬಂತೆ ಹೇಳಿ ಕೇಳಿದ್ದೆ, ಅವರೂ ಹಾಗೇ ಅಂದರು. ನನಗೆ ಸಮಾಧಾನವೂ ಆಗಲಿಲ್ಲ, ಸಂಕಟವೂ ಆಗಲಿಲ್ಲ. ನನ್ನ ಲೆಕ್ಕ ಪರೀಕ್ಷೆಯದಲ್ಲ. ಶಿವಮೊಗ್ಗದಿಂದ ಬಂದ ದಿನ ಕೈಯಲ್ಲಿ ಕಾಫಿ ಹಿಡಿದುಕೊಂಡು ನುಂಗಿದ ಮಾತಿನದು.

ಅಣ್ಣನ ಮಗಳ ಫೋನು ಬಂದದ್ದು ಗುರುವಾರ. ಭಾನುವಾರ ಬೆಳಿಗ್ಗೆ ನಾನೇ ಮಾಡಿದೆ. ಏನು ಹೇಳಬೇಕೆಂದು ಇನ್ನೂ ತೀರ್ಮಾನ ಮಾಡಿರಲಿಲ್ಲ. ನಿಮ್ಮವ್ವಂಗೂ ಮೊದಲು ಸ್ವಲ್ಪ ಅಂತ ಬಂದಿತ್ತು, ಆಮೇಲೆ ಜಾಸ್ತಿಯಾಯಿತು ಎಂದಷ್ಟೇ ಹೇಳಿ ಮುಗಿಸೋಣ ಅಂದುಕೊಂಡಿದ್ದೆ.

"ನಾಳೆ ಹೋಗ್ತೀಯೇನವ್ವ?"

"ಹೂಂ ಅತ್ತೆ, ಹತ್ತು ಗಂಟೆಗೆ. ಎಲ್ಲ ತಯಾರಿ ಆಗೈತೆ."

"ಪರೀಕ್ಷೆಗೆ ಏನು ತಯಾರಿ?"

ಅವಳು ದನಿ ತಗ್ಗಿಸಿದಳು. "ಅವ್ವ ಹೇಳಿದ್ದಳಲ್ಲ. ಶುಕ್ರವಾರದಿಂದ ದಿನಾ ಪಟಿಕದ ನೀರಾಗೆ ತೊಳ್ಕೊಂತಿದೀನಿ. ಎರಡು ದಿನ ತೊಳೀಬ್ಯಾಡ್ರಿ ಅಂತ ಚೀಟಿಯಾಗೆ ಏನೋ ಬರ್ದಾರೆ. ಅವ್ರಿಗೇನು, ಬರೀತಾರೆ. ವಾಸನೆ ಬಂದ್ರೆ ನಾಚಿಕೆ ಅಲ್ವಾ? ಅವ್ವಂಗೆ ಅದ್ರಿಂದ್ಲೇ ಅಲ್ವಾ ಅಷ್ಟು ವರ್ಷ ಏನೂ ಆಗದಿದ್ದಿದ್ದು?"

ಅವಳು ಹಲೋ ಹಲೋ ಅಂದಳು. ನೆಟ್‌ವರ್ಕು ಚೆನ್ನಾಗಿತ್ತು.

"ನಾಳೆ ಹೋಗಬ್ಯಾಡ" ಅಂದೆ. "ಆ ಪಟಿಕ ತಗೊಂಡು ಹೊರಗೆ ಎಸಿ. ಫೋನ್ ಮಾಡಿ ದಿನ ಮುಂದಕ್ಕೆ ಹಾಕಿಸ್ಕೋ. ತೊಳ್ಕೊಂಡೆ ಅಂತ ಅವ್ರಿಗೆ ಹೇಳು, ಮುಚ್ಚಿಡಬ್ಯಾಡ. ಅವ್ರು ಹೇಳಿದ ದಿನ ತೊಳೀದೆ ಹೋಗು."

"ಯಾಕತ್ತೆ?"

ಅದೇ ಪ್ರಶ್ನೆ. ಅವಳವ್ವ ಕೇಳಿದ್ದೂ ಅದನ್ನೇ. ಈ ಸಲ ಕಾರಣ ಹೇಳಿದೆ. ಕಡ್ಡಿ, ಗಾಜಿನ ಪಟ್ಟಿ, ಮೂಗಿನ ಮೇಲಿನ ಸೆರಗು, ಡಬ್ಬಿ, ಶಿವಮೊಗ್ಗದ ಕಪ್ಪು ಹಲಗೆ, ಎಲ್ಲ ಹೇಳಿದೆ. ಹೇಳುವಾಗ ನನ್ನ ದನಿ ಲಸಿಕೆ ಹಾಕುವ ದಿನ ಹೇಳುವ ದನಿಯ ಹಾಗೇ ಇತ್ತು. ಅತ್ತಿದ್ದರೆ ಅವಳಿಗಾದರೂ ಅನುಕೂಲವಾಗುತ್ತಿತ್ತೇನೋ.

ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಅವ್ವಂಗೆ ಇದು ಗೊತ್ತಿತ್ತಾ?"

"ಇಲ್ಲ."

"ಅವತ್ತು ನಾನು ಬೇಸಿನ್ ಹಿಡ್ಕೊಂಡು ನಿಂತಿದ್ದಾಗ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆತು, ನಾಳೆ ಹೋಗಲ್ಲ" ಅಂದಳು. ಫೋನು ಇಟ್ಟಳು.

ಇವತ್ತಿಗೆ ಹದಿನೆಂಟು ದಿನ. ಪರೀಕ್ಷೆ ಮಾಡಿಸಿಕೊಂಡಿರುತ್ತಾಳೆ, ವೈರಸ್ ಇದೆಯೋ ಇಲ್ಲವೋ ಗೊತ್ತಾಗಿಯೂ ಇರುತ್ತದೆ. ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.